ಬಿಜಾಪುರದ ಆ ಪೆಟ್ಟಿಗೆ ಮತ್ತೆ ತೆರೆದಾಗ...!

ಕೆಲವು ಚಿತ್ರಗಳಿಗೆ ಪ್ರಶಸ್ತಿ ಬರುತ್ತೆ. ಕೆಲವಕ್ಕೆ ವಿಮರ್ಶಕರ ಬೆನ್ನುತಟ್ಟುವಿಕೆ ಸಿಗುತ್ತೆ. ಇನ್ನು ಕೆಲವು ಚಿತ್ರಗಳಿವೆ ನೋಡಿ, ಅವಕ್ಕೆ ಇದ್ಯಾವುದೂ ಬೇಕಿಲ್ಲ. ಊರಿಗೆ ಬರುತ್ತವೆ, ಪಡ್ಡೆ ಹುಡುಗರ ಜೇಬು ಖಾಲಿ ಮಾಡುತ್ತವೆ, ಹೋಗುವಾಗ ಅವರ ನಿದ್ದೆಯನ್ನೂ ಕಿತ್ತುಕೊಂಡು ಹೋಗುತ್ತವೆ!

ಅಂಥದೊಂದು ಚಿತ್ರ 1984ರ 'ಪುರಾನಾ ಮಂದಿರ್'. ನಿರ್ದೇಶನ: ತುಳಸಿ ರಾಮ್ಸೆ, ಶ್ಯಾಮ್ ರಾಮ್ಸೆ. ಭೂತ: ಸಾಮ್ರಿ. ಬಂಡವಾಳ: ದೊಡ್ಡ ಸ್ಟಾರುಗಳ ಚಿತ್ರದ ಒಂದು ಹಾಡಿಗೆ ಸಾಲುವಷ್ಟು ಇರಬಹುದು, ಅಷ್ಟೇ! ಆದರೆ ಆ ವರ್ಷ ಮಾಡಿದ ಗಲ್ಲಾಪೆಟ್ಟಿಗೆಯ ಗದ್ದಲ ನೋಡಿ ಬೊಂಬಾಯಿಯ ದೊಡ್ಡ ದೊಡ್ಡ ನಿರ್ಮಾಪಕರೇ ಬಾಯಿ ಮೇಲೆ ಬೆರಳಿಟ್ಟುಕೊಂಡರು.

ನಾನು ಈ ಚಿತ್ರ ನೋಡಿದ್ದು ಒಂಬತ್ತು ವರ್ಷದವನಿದ್ದಾಗ. ಮೊನ್ನೆ ಮತ್ತೆ ನೋಡಿದೆ. ನಡುವೆ ಹೆಚ್ಚುಕಡಿಮೆ ನಲವತ್ತು ವರ್ಷ ಕಳೆದುಹೋಗಿವೆ. ಅಂದು ಕಂಡಿದ್ದೇನು, ಇಂದು ಕಂಡಿದ್ದೇನು... ಅದನ್ನೇ ಇಲ್ಲಿ ನಿಮ್ಮ ಮುಂದಿಡ್ತಾ ಇದ್ದೀನಿ. ದೆವ್ವದ ಚಿತ್ರ ಅಂದ್ರೆ ಮೂಗು ಮುರಿಯೋರು ಮುಂದಿನ ಪುಟಕ್ಕೆ ಹೋಗಬಹುದು. ಉಳಿದವರು ಬನ್ನಿ, ಹತ್ತಿರ ಕೂತ್ಕೊಳ್ಳಿ!

ಕಥೆ ಏನಪ್ಪಾ ಅಂದ್ರೆ...

ಇನ್ನೂರು ವರ್ಷದ ಹಿಂದೆ. ರಾಜಾ ಹರಿಮಾನ್ ಸಿಂಗನ ಪರಿವಾರ ಕಾಳೀ ಪಹಾಡಿಯ ಹತ್ತಿರ ಬರುವಾಗ ರಥದ ಗಾಲಿ ಕೆಡುತ್ತೆ. ರಾಜಕುಮಾರಿ ಹಾಳು ಗುಡಿಯ ಕಡೆ ಹೋಗುತ್ತಾಳೆ. ಅಲ್ಲಿರೋನು ಸಾಮ್ರಿ! ಸೈತಾನನ ಭಕ್ತ. ಅವನ ಕಣ್ಣಿಗೆ ಬಿದ್ದವರು ಉಳಿಯೋದಿಲ್ಲ. ರಾಜ ಅವನನ್ನು ಹಿಡಿಸಿ ತಲೆ ಕಡಿಸುತ್ತಾನೆ. ಮುಂಡವನ್ನು ಹಳೆಯ ಗುಡಿಯ ಹಿಂದೆ ಹೂಳಿಸಿ, ತಲೆಯನ್ನು ಪೆಟ್ಟಿಗೆಯಲ್ಲಿಟ್ಟು, ತ್ರಿಶೂಲದ ಕಾವಲು ಹಾಕಿ ಹವೇಲಿಯಲ್ಲಿ ಬಂದೋಬಸ್ತು ಮಾಡಿಸುತ್ತಾನೆ.

ಆದರೆ ಸಾಯೋ ಮುಂಚೆ ಸಾಮ್ರಿ ಶಾಪ ಕೊಟ್ಟಿರುತ್ತಾನೆ. ನನ್ನ ತಲೆ ಮುಂಡದಿಂದ ಬೇರೆ ಇರೋವರೆಗೂ ನಿನ್ನ ವಂಶದ ಹೆಂಗಸರೆಲ್ಲ ಹೆರಿಗೆಯಲ್ಲಿ ಸಾಯಬೇಕು. ಎರಡೂ ಕೂಡಿದ ದಿನ ನಾನೇ ಎದ್ದು ಬಂದು ನಿನ್ನ ವಂಶವನ್ನೇ ನಿರ್ನಾಮ ಮಾಡ್ತೀನಿ... ಇದು ಆ ಶಾಪ.

ಅಲ್ಲಿಂದ ಒಂದೇ ಜಿಗಿತ, ಇಪ್ಪತ್ತನೇ ಶತಮಾನಕ್ಕೆ! ಆ ವಂಶದ ಠಾಕೂರ ಪ್ರದೀಪ್ ಕುಮಾರ್. ಅವನ ಮಗಳು ಸುಮನ್, ಅಂದ್ರೆ ಆರತಿ ಗುಪ್ತಾ. ಅವಳ ಪ್ರೇಮಿ ಸಂಜಯ್, ಅಂದ್ರೆ ನಟಿ ನೂತನ್ ಅವರ ಮಗ ಮೋಹ್ನೀಶ್ ಬೆಹ್ಲ್. ಅಪ್ಪ ಮದುವೆಗೆ ಒಪ್ಪೋದಿಲ್ಲ. ಶಾಪದ ಗುಟ್ಟು ಹೊರಗೆ ಬೀಳುತ್ತೆ. ಇದನ್ನು ಒಂದು ಕೈ ನೋಡಿಯೇ ಬಿಡೋಣ ಅಂತ ಜೋಡಿ ಹವೇಲಿಗೆ ಹೊರಡುತ್ತೆ. ಜೊತೆಗೆ ಗೆಳೆಯ ಆನಂದ್, ಅವನೇ ಪುನೀತ್ ಇಸ್ಸಾರ್. ಪೆಟ್ಟಿಗೆ ಸಿಗುತ್ತೆ. ತೆರೆಯುತ್ತೆ. ಆಮೇಲೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾ?

ರೇಡಿಯೋ ಅಂಗಡಿಯಿಂದ ಸ್ಮಶಾನಕ್ಕೆ!

ಈ ರಾಮ್ಸೆಗಳು ಯಾರು? ಹೆಸರು ಕೇಳಿದ್ರೆ ಇಂಗ್ಲೆಂಡಿನ ದೊರೆಗಳ ಹಾಗಿದೆ. ಅಸಲಿಗೆ ಇವರು ಸಿಂಧಿಗಳು. ತಂದೆ ಫತೇಚಂದ್ ರಾಮ್‌ಸಿಂಘಾನಿ. ಕರಾಚಿಯಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದರು. ಬಿಳಿಯ ಗಿರಾಕಿಗಳಿಗೆ 'ರಾಮ್‌ಸಿಂಘಾನಿ' ಅಂತ ನಾಲಿಗೆ ತಿರುಗದೆ 'ರಾಮ್ಸೆ' ಆಯಿತು. ದೇಶ ಇಬ್ಭಾಗ ಆದಾಗ ಕುಟುಂಬ ಬೊಂಬಾಯಿಗೆ ಬಂತು. ಮತ್ತೆ ರೇಡಿಯೋ ಅಂಗಡಿ. ಜೊತೆಗೆ ಚಿತ್ರ ನಿರ್ಮಾಣದ ಹುಚ್ಚು.

1963ರಲ್ಲಿ ಪೃಥ್ವಿರಾಜ್ ಕಪೂರ್, ಸುರೈಯ್ಯಾ ಅವರನ್ನು ಹಾಕಿಕೊಂಡು 'ರುಸ್ತುಂ ಸೊಹ್ರಾಬ್' ತೆಗೆದರು. ಅದು ಸುರೈಯ್ಯಾ ನಟಿಸಿದ ಕೊನೆಯ ಚಿತ್ರ. 1970ರಲ್ಲಿ 'ಏಕ್ ನನ್ಹೀ ಮುನ್ನೀ ಲಡ್‌ಕೀ ಥೀ' ಬಂತು, ಮಕಾಡೆ ಮಲಗಿತು! ಆದರೆ ಮಕ್ಕಳಲ್ಲಿ ತುಳಸಿ ಮತ್ತು ಶ್ಯಾಮ್ ಥೇಟರಿನಲ್ಲಿ ಕೂತು ಪರದೆಯ ಬದಲು ಪ್ರೇಕ್ಷಕರ ಮುಖ ನೋಡಿದರು. ಚಿತ್ರದಲ್ಲಿ ಒಂದು ಕಳ್ಳತನದ ದೃಶ್ಯ. ಪೃಥ್ವಿರಾಜ್ ಕಪೂರ್ ಭೀಕರ ಮುಖವಾಡ ತೊಟ್ಟು ನುಗ್ಗುತ್ತಾರೆ, ಪೊಲೀಸರ ಗುಂಡೂ ತಾಗೋದಿಲ್ಲ. ಆ ದೃಶ್ಯಕ್ಕೆ ಮಾತ್ರ ಜನ ಕುರ್ಚಿಯ ತುದಿಗೆ ಬರ್ತಿದ್ದರು. ಅದು ಮುಗಿದ ಮೇಲೆ ಎದ್ದು ಹೋಗ್ತಿದ್ದರು!

ಹುಡುಗರು ಅಪ್ಪನ ಹತ್ತಿರ ಬಂದು ಹೇಳಿದ್ದಿಷ್ಟೇ. ಜನಕ್ಕೆ ಹೆದರಿಕೆ ಬೇಕು, ನಾವು ಹೆದರಿಕೆಯ ಚಿತ್ರವನ್ನೇ ತೆಗೆಯೋಣ.

ಏಳು ಜನ ಅಣ್ಣತಮ್ಮಂದಿರು. ಕಾಲೇಜಿಗೆ ಹೋಗಿ ಸಿನಿಮಾ ಕಲಿಯಲಿಲ್ಲ. ಜೋಸೆಫ್ ಮ್ಯಾಸೆಲ್ಲಿ ಬರೆದ ಛಾಯಾಗ್ರಹಣದ ಪುಸ್ತಕ ಹಿಡಿದುಕೊಂಡು ಕಾಶ್ಮೀರದ ದೋಣಿಮನೆಯಲ್ಲಿ ತಿಂಗಳುಗಟ್ಟಲೆ ಕೂತು ಓದಿದರು, ಕ್ಯಾಮೆರಾ ಇಟ್ಟು ಕೈ ಪಳಗಿಸಿಕೊಂಡರು. ಆಮೇಲೆ ಮನೆಗೆಲಸ ಹಂಚಿಕೊಂಡ ಹಾಗೆ ಸಿನಿಮಾ ಕೆಲಸ ಹಂಚಿಕೊಂಡರು. ಕುಮಾರ್ ಕಥೆ ಬರೆದ. ಗಂಗು ಕ್ಯಾಮೆರಾ ಹಿಡಿದ. ಕಿರಣ್ ಶಬ್ದ ನೋಡಿಕೊಂಡ. ಅರ್ಜುನ್ ಕತ್ತರಿ ಹಿಡಿದ. ತುಳಸಿ, ಶ್ಯಾಮ್ ನಿರ್ದೇಶನಕ್ಕೆ ನಿಂತರು. ಕೇಶು ಎಲ್ಲ ಕಡೆಗೂ ಹೆಗಲು ಕೊಟ್ಟ. ಶೂಟಿಂಗಿನ ಅಡುಗೆ ಮನೆಯ ಹೆಂಗಸರದೇ!

1972ರ 'ದೋ ಗಜ್ ಜಮೀನ್ ಕೆ ನೀಚೆ' ಹೀಗೇ ಹುಟ್ಟಿತು. ಒಂದು ಬಸ್ಸಿನ ತುಂಬಾ ಜನ, ಸಾಮಾನು ತುಂಬಿಕೊಂಡು ಮಹಾಬಳೇಶ್ವರಕ್ಕೆ ಹೋದರು. ಸರ್ಕಾರಿ ಗೆಸ್ಟ್ ಹೌಸಿನಲ್ಲಿ ಬಿಡಾರ. ಸೆಟ್ಟು ಹಾಕೋ ಖರ್ಚಿಲ್ಲ, ಸ್ಟಾರುಗಳ ಕಾಲ್‌ಷೀಟಿನ ಕಾಟ ಇಲ್ಲ. ಸುಮಾರು 40 ದಿನ, ಸುಮಾರು 3.5 ಲಕ್ಷ ರೂಪಾಯಿ. ಚಿತ್ರ ಮುಗಿದೇ ಹೋಯಿತು. ಹಾಕಿದ ದುಡ್ಡು ಹಲವು ಪಟ್ಟು ವಾಪಸ್ಸು ಬಂತು!

ಅಲ್ಲಿಗೆ ದಾರಿ ಸಿಕ್ಕಿತು. 'ದರ್ವಾಜಾ' (1978), 'ಗೆಸ್ಟ್ ಹೌಸ್' (1980), 'ಹೋಟೆಲ್' (1981)... ಒಂದರ ಹಿಂದೆ ಒಂದು. ಮಹಾನಗರದ ಏರ್‌ಕಂಡೀಷನ್ ಥೇಟರಿನ ಮೇಲೆ ಇವರ ಕಣ್ಣಿರಲಿಲ್ಲ. ಜಿಲ್ಲೆ, ತಾಲೂಕು, ಹೋಬಳಿ, ಸಂತೆಯ ಊರು... ಅಲ್ಲಿನ ಪ್ರೇಕ್ಷಕನೇ ಇವರ ದೇವರು.

ಮೊದಲಿನ ಭೂತಗಳೆಲ್ಲ ಸುಳ್ಳು, ಇದೊಂದೇ ನಿಜ!

ಹಾಗಾದ್ರೆ ಇವರಿಗಿಂತ ಮುಂಚೆ ಹಿಂದಿಯಲ್ಲಿ ದೆವ್ವದ ಚಿತ್ರ ಇರಲಿಲ್ವಾ? ಇತ್ತು ಸ್ವಾಮಿ! 1949ರ 'ಮಹಲ್' ಇತ್ತು. 1962ರ 'ಬೀಸ್ ಸಾಲ್ ಬಾದ್' ಇತ್ತು. 1964ರ 'ವೋ ಕೌನ್ ಥೀ' ಇತ್ತು. ಬಿಳಿ ಸೀರೆ, ಮಂಜು, ದೂರದಿಂದ ಲತಾ ಮಂಗೇಶ್ಕರ್ ಅವರ ದನಿ... ಮೈ ಜುಮ್ ಅನ್ನೋದು ನಿಜ. ಆದರೆ ಕೊನೆಯ ರೀಲಿಗೆ ಬಂದಾಗ? ಆಸ್ತಿಗಾಗಿಯೋ ಸೇಡಿಗಾಗಿಯೋ ಯಾರೋ ಹೂಡಿದ ಆಟ! ದೆವ್ವ ಇರಲೇ ಇಲ್ಲ! ಪ್ರೇಕ್ಷಕ ನೆಮ್ಮದಿಯಾಗಿ ಮನೆಗೆ ಹೋಗಿ ಮಲಗುತ್ತಿದ್ದ.

ರಾಮ್ಸೆಗಳು ಆ ನೆಮ್ಮದಿಯನ್ನು ಕಿತ್ತುಹಾಕಿದರು. ಇವರ ದೆವ್ವ ಅಂದ್ರೆ ದೆವ್ವ. ಮುಖವಾಡ ಕಿತ್ತರೆ ಒಳಗೆ ಚಿಕ್ಕಪ್ಪನೋ ಮ್ಯಾನೇಜರೋ ಸಿಗೋದಿಲ್ಲ. ಇಂಗ್ಲೆಂಡಿನ ಹ್ಯಾಮರ್ ಕಂಪನಿ 1958ರಲ್ಲಿ ಕ್ರಿಸ್ಟೋಫರ್ ಲೀಯನ್ನು ಡ್ರಾಕುಲಾ ಮಾಡಿತ್ತಲ್ಲ, ಆ ಕೆಂಪು, ಆ ಹಲ್ಲು, ಆ ಹಾಳು ಕೋಟೆ ಎಲ್ಲವನ್ನೂ ತಂದು ನಮ್ಮ ಠಾಕೂರರ ಹವೇಲಿಯಲ್ಲಿ ಕೂರಿಸಿದರು. ಶಿಲುಬೆಯ ಜಾಗಕ್ಕೆ ತ್ರಿಶೂಲ ಬಂತು.

ಕನ್ನಡಕ್ಕೂ ಅಷ್ಟರಲ್ಲೇ ದೆವ್ವ ಬಂದಾಗಿತ್ತು. 1979ರ 'ನಾ ನಿನ್ನ ಬಿಡಲಾರೆ' ನೆನಪಿದೆಯಲ್ಲ? ಅನಂತನಾಗ್, ಲಕ್ಷ್ಮಿ! ಅದು ಎಷ್ಟು ಗೆದ್ದಿತು ಅಂದ್ರೆ 1981ರಲ್ಲಿ ಹಿಂದಿಯವರೇ ಅದನ್ನು 'ಮಂಗಳಸೂತ್ರ' ಅಂತ ತೆಗೆದುಕೊಂಡರು, ನಾಯಕ ಮತ್ತೆ ನಮ್ಮ ಅನಂತನಾಗೇ, ನಾಯಕಿ ರೇಖಾ. ಆದರೆ ಅದರಲ್ಲಿದ್ದದ್ದು ಸಂಸಾರದೊಳಗೆ ಹೊಕ್ಕ ದೆವ್ವ. ಸಾಮ್ರಿಯದ್ದು ಬೇರೆಯೇ ಜಾತಿ. ಅವನಿಗೆ ಪ್ರೀತಿ ಇಲ್ಲ, ಕಣ್ಣೀರಿಲ್ಲ. ಬರೀ ಹಸಿವು.

ಟೆಂಟಿನೊಳಗೆ ಸಾಮ್ರಿ

ನಮ್ಮೂರು ಬಿಜಾಪುರ ಜಿಲ್ಲೆಯ ಒಂದು ಹಳ್ಳಿ. (2014ರಿಂದ ಊರಿನ ಹೆಸರೂ ಜಿಲ್ಲೆಯ ಹೆಸರೂ ವಿಜಯಪುರ. ನಾಲಿಗೆ ಮಾತ್ರ ಇನ್ನೂ ಹಳೇ ಹೆಸರೇ ಹೇಳುತ್ತೆ!) ಸಂತೆ ಬಯಲಿಗೆ ವರ್ಷಕ್ಕೊಮ್ಮೆ ಟೂರಿಂಗ್ ಟಾಕೀಸು ಬರೋದು. ಮುಂದೆ ನೆಲ, ಹಿಂದೆ ಬೆಂಚು, ಇನ್ನೂ ಹಿಂದೆ ನಾಲ್ಕು ಕುರ್ಚಿ. ಹೆಂಗಸರದೊಂದು ಕಡೆ, ಗಂಡಸರದೊಂದು ಕಡೆ. ಪೇಟೆಯಲ್ಲಿ ಓಡಿ ಓಡಿ ಸುಸ್ತಾದ ಪ್ರಿಂಟು ಎರಡು ವರ್ಷ ತಡವಾಗಿ ನಮ್ಮಲ್ಲಿಗೆ ಬಂತು, 1986ರಲ್ಲಿ. ತೆರೆಯ ಮೇಲೆ ಯಾವಾಗಲೂ ಮಳೆ ಬೀಳೋ ಹಾಗೆ ಗೀಚು! 'ಎ' ಸರ್ಟಿಫಿಕೇಟಿನ ಚಿತ್ರಕ್ಕೆ ಒಂಬತ್ತು ವರ್ಷದ ಹುಡುಗನನ್ನು ಹೇಗೆ ಬಿಟ್ಟರು ಅಂತೀರಾ? ನೆಲದ ಟಿಕೇಟಿಗೆ ವಯಸ್ಸು ಕೇಳೋರು ಯಾರು!

ಹಿಂದಿ ಅರ್ಥ ಆಗ್ತಿತ್ತಾ ಅಂದ್ರೆ, ನಮ್ಮ ಕಡೆ ಅರ್ಧ ಊರು ದಖ್ಖನಿ ಮಾತಾಡುತ್ತೆ. ದುಭಾಷಿ ಬೇಕಿಲ್ಲ. ಅಷ್ಟರ ಮೇಲೆ ಆ ಚಿತ್ರದಲ್ಲಿ ಬಂದ ಒಂದು ಹೆಸರು ಕೇಳಿ ಇಡೀ ಟೆಂಟು ಎದ್ದು ನಿಂತು ಶಿಳ್ಳೆ ಹೊಡೆಯಿತು. ಯಾಕೆ ಗೊತ್ತಾ? ಸಾಮ್ರಿಯ ತಲೆ ಇದ್ದ ಹವೇಲಿ ಎಲ್ಲಿದೆ ಅಂದ್ರೆ... ಬಿಜಾಪುರದಲ್ಲಿ!

"ಲೇ, ನಮ್ಮ ಬಿಜಾಪುರನೋ!" ಅಂತ ಪಕ್ಕದವನು ನನ್ನ ತೊಡೆಗೆ ಗುದ್ದಿದ. "ಹಂಗಾದ್ರ ಸಾಮ್ರಿ ಇಲ್ಲೇ ಎಲ್ಲೋ ಅದಾನ!"

ಆ ಮೇಲೆ ಶಿಳ್ಳೆ ನಿಂತಿತು. ಬೊಂಬಾಯಿಯ ಹುಡುಗರಿಗೆ ಅದು ದೂರದ ಊರು. ನಮಗೆ ಬಸ್ಸಿನಲ್ಲಿ ಒಂದು ತಾಸು!

ಟೆಂಟಿನಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದರೆ ದೀಪ ಹಾಕಿ ಇನ್ನೊಂದು ಹಾಕಬೇಕು. ಆಪರೇಟರಿಗೆ ಬೇಕಂತಲೇ ಮಾಡಿದ ಹಾಗೆ, ಪೆಟ್ಟಿಗೆಯ ಹತ್ತಿರ ಕೈ ಹೋದಾಗಲೇ ರೀಲು ಮುಗಿಯಿತು. ಐದು ನಿಮಿಷ ಚುರಮುರಿ, ಶೇಂಗಾ, ಬೀಡಿ ಹೊಗೆ. ಆ ಐದು ನಿಮಿಷದಲ್ಲಿ ಒಬ್ಬ ಹುಡುಗನೂ ಹೊರಗೆ ಕತ್ತಲಿಗೆ ಎದ್ದು ಹೋಗಲಿಲ್ಲ. ಹೋಗಬೇಕಾದ ಅವಸರ ಎಲ್ಲರಿಗೂ ಇತ್ತು!

ಯಾವ ಬಿಜಾಪುರ ಸ್ವಾಮಿ ಅದು?

ಈಗ ತಲೆಯಲ್ಲಿ ನಾಲ್ಕು ಅಕ್ಷರ ಸೇರಿದ ಮೇಲೆ ನೋಡಿದರೆ ನಗು ಬರುತ್ತೆ. ಇನ್ನೂರು ವರ್ಷದ ಹಿಂದೆ ಬಿಜಾಪುರದಲ್ಲಿ ರಾಜಾ ಹರಿಮಾನ್ ಸಿಂಗ್ ಅನ್ನೋನೊಬ್ಬ ಆಳಿದ್ದು ಯಾವ ಇತಿಹಾಸದಲ್ಲೂ ಇಲ್ಲ. ಆದಿಲ್‌ಶಾಹಿ ದೊರೆತನ 1686ರಲ್ಲೇ ಔರಂಗಜೇಬನ ಕೈಗೆ ಬಿದ್ದು ಮುಗಿದಿತ್ತು. ಆಮೇಲೆ ನಿಜಾಮ, ಆಮೇಲೆ ಪೇಶ್ವೆ, 1818ರಲ್ಲಿ ಇಂಗ್ಲಿಷರು. ನಡುವೆ ಠಾಕೂರರಿಗೆ ಜಾಗವೇ ಇಲ್ಲ!

ನಾವು ಹುಡುಗರು ತೆರೆಯ ಮೇಲೆ ಗೋಳಗುಮ್ಮಟ ಎಲ್ಲಾದರೂ ಕಾಣುತ್ತಾ ಅಂತ ಕಣ್ಣು ಕೀಲಿಸಿ ನೋಡಿದ್ದೇ ನೋಡಿದ್ದು. ಕಾಣೋದು ಹೇಗೆ? ರಾಮ್ಸೆಗಳು ಕ್ಯಾಮೆರಾ ಇಟ್ಟಿದ್ದು ನೂರಾರು ಮೈಲಿ ದೂರ, ಮಹಾರಾಷ್ಟ್ರದ ಕಡಲ ದಂಡೆಯ ಮುರುಡ್‌ನಲ್ಲಿ. ಅಲ್ಲಿ ಜಂಜಿರಾ ನವಾಬರ ಅರಮನೆ ಇದೆ. ಆಫ್ರಿಕಾದಿಂದ ಬಂದ ಸಿದ್ದಿಗಳ ವಂಶದ ಅರಮನೆ. ಅದರ ಕಮಾನು, ಮೆಟ್ಟಿಲು, ಉದ್ದುದ್ದ ಕಿಟಕಿ ನೋಡಿದರೆ ದೆವ್ವ ಬಾಡಿಗೆಗೆ ತಾನಾಗೇ ಬರಬೇಕು! ಸೆಟ್ಟಿಗೆ ಕೊಡೋ ದುಡ್ಡು ಉಳಿಯಿತು, ನಮಗೆ 'ಬಿಜಾಪುರ' ಸಿಕ್ಕಿತು.

ಹೆಸರು ಬೇಕಿತ್ತು ಅಷ್ಟೇ. 'ಬಿಜಾಪುರ' ಅಂದ ಕೂಡಲೇ ಹಾಳು ಕೋಟೆ, ಗೋರಿ, ಪ್ರತಿಧ್ವನಿ ಕೇಳುಗರ ತಲೆಯಲ್ಲಿ ತಾವೇ ಎದ್ದು ನಿಲ್ಲುತ್ತವೆ. ಒಂದು ಪೈಸೆ ಖರ್ಚಿಲ್ಲದ ಸೆಟ್ಟು ಅದು.

ಈಗ ಕಣ್ಣಿಗೆ ಬಿದ್ದದ್ದು

ಮೊನ್ನೆ ನೋಡುವಾಗ ಮೊದಲು ಕಂಡಿದ್ದು ಇವರ ಜಿಪುಣತನದ ಜಾಣ್ಮೆ! ಒಂದು ಕೆಂಪು ದೀಪ, ಒಂದು ಹಸಿರು ದೀಪ, ಒಂದು ನೀಲಿ ದೀಪ. ಹೊಗೆ. ಗಾಳಿಗೆ ಫ್ಯಾನು. ಕಿರ್ರ್ ಅನ್ನೋ ಬಾಗಿಲು. ಮುಖದ ಹತ್ತಿರಕ್ಕೆ ದಡಕ್ಕನೆ ನುಗ್ಗುವ ಜೂಮು. ಇಷ್ಟರಲ್ಲೇ ಎರಡೂ ಚಿಲ್ಲರೆ ಗಂಟೆ ತಳ್ಳಿಬಿಟ್ಟಿದ್ದಾರೆ. ಸ್ನಾನದ ಮನೆಯಲ್ಲಿ ನಾಯಕಿಯ ಮೇಲೆ ನೀರಿನ ಬದಲು ರಕ್ತ ಸುರಿಯೋ ದೃಶ್ಯ ಈಗಲೂ ಜೋರಾಗಿಯೇ ಇದೆ. ಆದರೆ ಆಗ ರಕ್ತ ಕಂಡಿತ್ತು, ಈಗ ಬಣ್ಣ ಕಂಡಿತು.

ಸಾಮ್ರಿಯ ಮೇಲೆ ಮಾತ್ರ ಬಣ್ಣ ಕಮ್ಮಿ, ಮನುಷ್ಯ ಜಾಸ್ತಿ. ಆ ಪಾತ್ರ ಮಾಡಿದವರು ಅನಿರುದ್ಧ್ ಅಗರ್‌ವಾಲ್, ಟೈಟಲ್ಲಿನಲ್ಲಿ ಅಜಯ್ ಅಗರ್‌ವಾಲ್. ಓದಿದ್ದು ರೂರ್ಕಿಯಲ್ಲಿ ಸಿವಿಲ್ ಇಂಜಿನಿಯರಿಂಗು! ಕಟ್ಟಡ ಕಟ್ಟಬೇಕಾದವರು ಹಾಳು ಹವೇಲಿಯಲ್ಲಿ ಓಡಾಡಿ ಹೆಸರು ಮಾಡಿದರು. ಆ ಎತ್ತರ, ಆ ಉದ್ದ ಮುಖ, ಆ ಕಣ್ಣು... ಮೇಕಪ್ಪಿನವನ ಅರ್ಧ ಕೆಲಸ ದೇವರೇ ಮಾಡಿಕೊಟ್ಟಿದ್ದ. ಮರುವರ್ಷವೇ, 1985ರಲ್ಲಿ, ಇವರನ್ನೇ ಇಟ್ಟುಕೊಂಡು '3ಡಿ ಸಾಮ್ರಿ' ತೆಗೆದರು. 1990ರ 'ಬಂದ್ ದರ್ವಾಜಾ'ದಲ್ಲೂ ಇವರೇ ರಕ್ತ ಹೀರೋ ಭೂತ. 1994ರಲ್ಲಿ ಶೇಖರ್ ಕಪೂರರ 'ಬ್ಯಾಂಡಿಟ್ ಕ್ವೀನ್'ನಲ್ಲಿ ಬಾಬು ಗುಜ್ಜರ್ ಆಗಿ ಬಂದಾಗ ಯಾವ ಹೊಗೆಯೂ ಇರಲಿಲ್ಲ, ದೀಪವೂ ಇರಲಿಲ್ಲ. ಹೆದರಿಕೆ ಮಾತ್ರ ಹೆಚ್ಚೇ ಆಯಿತು.

ಗೆಳೆಯನ ಪಾತ್ರದ ಪುನೀತ್ ಇಸ್ಸಾರ್ ಕಥೆ ಬೆಂಗಳೂರಿನವರಿಗೆ ಹೇಳೋದೇ ಬೇಡ. 1982ರ ಜುಲೈನಲ್ಲಿ ಬೆಂಗಳೂರಿನಲ್ಲಿ 'ಕೂಲಿ' ಶೂಟಿಂಗ್, ಹೊಡೆದಾಟದ ದೃಶ್ಯದಲ್ಲಿ ಅಮಿತಾಭ್ ಬಚ್ಚನ್ ಅವರಿಗೆ ಪೆಟ್ಟಾಗಿ ದೇಶವೇ ದೇವರಿಗೆ ಹರಕೆ ಹೊತ್ತಿತು. ಎದುರಿಗಿದ್ದವರು ಈ ಪುನೀತ್. ಅಪಘಾತ ಅದು. ಆದರೂ ಆಮೇಲೆ ಎಷ್ಟೋ ಚಿತ್ರಗಳು ಅವರ ಕೈತಪ್ಪಿದವು. ಅಂಥ ಹೊತ್ತಿನಲ್ಲಿ ಬಂದದ್ದು ಈ ಅವಕಾಶ. 1988ರಲ್ಲಿ ಟೀವಿಯ 'ಮಹಾಭಾರತ'ದ ದುರ್ಯೋಧನ ಆಗೋವರೆಗೂ ಕಾದರು. ದೊಡ್ಡವರು ಬಾಗಿಲು ಹಾಕಿಕೊಂಡಾಗ ಸಣ್ಣ ಬಜೆಟ್ಟಿನವರು ಬಾಗಿಲು ತೆಗೆದಿದ್ದರು ಅನ್ನೋದನ್ನು ಮರೆಯಬಾರದು.

ಇನ್ನು ಕಾಮಿಡಿ! 'ಶೋಲೆ'ಯ (1975) ಸೂರ್ಮಾ ಭೋಪಾಲಿ ಜಗದೀಪ್ ಇಲ್ಲಿ 'ಮಚ್ಛರ್ ಸಿಂಗ್' ಅಂತ ಡಕಾಯಿತ. ಗಬ್ಬರ್‌ನ ಅಣಕು. ಕಥೆಗೂ ಇವನಿಗೂ ಎಳ್ಳಷ್ಟೂ ಸಂಬಂಧ ಇಲ್ಲ. ಮೊನ್ನೆ ನೋಡುವಾಗ ಓಡಿಸಿಬಿಡೋಣ ಅನ್ನಿಸಿತು. ಆದರೆ ಟೆಂಟಿನ ಲೆಕ್ಕ ಬೇರೆ. ಹೆದರಿ ಹೆದರಿ ಉಸಿರು ಬಿಗಿಹಿಡಿದವರಿಗೆ ಉಸಿರು ಬಿಡೋಕೆ ಹತ್ತು ನಿಮಿಷ ಬೇಕು. ಮಚ್ಛರ್ ಸಿಂಗ್ ಬಂದಾಗಲೇ ನಾವು ಕೈಯಲ್ಲಿದ್ದ ಶೇಂಗಾ ತಿಂದದ್ದು!

ಆ ಶಾಪದ ಮಾತು

ಇಷ್ಟೆಲ್ಲ ನಗುತ್ತಲೇ ನೋಡಿದೆ. ಆದರೆ ಶುರುವಿನ ಆ ಶಾಪದ ದೃಶ್ಯ ಬಂದಾಗ ನಗು ನಿಂತಿತು.

ಒಂಬತ್ತರ ವಯಸ್ಸಿನಲ್ಲಿ ನನಗೆ ಕಂಡಿದ್ದು ಕಡಿದ ತಲೆ. ಈಗ ಕೇಳಿದ್ದು ಆ ತಲೆ ಹೇಳಿದ ಮಾತು. 'ನಿನ್ನ ವಂಶದ ಹೆಂಗಸರೆಲ್ಲ ಹೆರಿಗೆಯಲ್ಲಿ ಸಾಯಬೇಕು.'

ಆ ಟೆಂಟಿನಲ್ಲಿ ನಾನು ಕೂತಿದ್ದು ನಮ್ಮ ಕಾಕಾನ ಪಕ್ಕ. ಹಿಂದಿನ ವರ್ಷವಷ್ಟೇ ನಮ್ಮ ಚಿಗವ್ವ ತೀರಿಕೊಂಡಿದ್ದಳು. ಚೊಚ್ಚಲ ಹೆರಿಗೆ. ಸೂಲಗಿತ್ತಿ ಕೈಚೆಲ್ಲಿದಾಗ ನಡುರಾತ್ರಿ. ಊರಿಗೆ ಇದ್ದದ್ದು ಒಂದೇ ಜೀಪು, ಅದೂ ಆ ದಿನ ಬೇರೆ ಊರಿಗೆ ಹೋಗಿತ್ತು. ಚಕ್ಕಡಿ ಹೂಡಿದರು. ಅರ್ಧ ದಾರಿಯಲ್ಲಿ ಎತ್ತು ತಿರುಗಿಸಿಕೊಂಡು ವಾಪಸ್ಸು ಬಂದರು. ರಕ್ತ ನಿಲ್ಲಲಿಲ್ಲ, ಅಷ್ಟೇ. ಆದರೆ ಊರು ಹಾಗನ್ನಲಿಲ್ಲ. "ಗಾಳಿ ಬಡದೈತಿ" ಅಂತು ನಮ್ಮ ಆಯಿ. ಹಳ್ಳದ ದಂಡಿಯ ಹುಣಸೆಮರದ ಹೆಸರು ಹೇಳಿದರು. ಅಮಾವಾಸ್ಯೆಯ ಹೆಸರು ಹೇಳಿದರು.

ತೆರೆಯ ಮೇಲೆ ಸಾಮ್ರಿ ಆ ಮಾತು ಹೇಳಿದಾಗ ಹೆಂಗಸರ ಕಡೆ ಒಂದು ಬಳೆಯ ಸದ್ದೂ ಇರಲಿಲ್ಲ. ಕಾಕಾ ಎದ್ದು ಹೊರಗೆ ಹೋದ. ಆ ರೀಲು ಮುಗಿದು ಇನ್ನೊಂದು ಹಾಕೋವರೆಗೂ ಒಳಗೆ ಬರಲಿಲ್ಲ. ಬಂದು ಕೂತಾಗ ಬೀಡಿಯ ವಾಸನೆ ಬರ್ತಿತ್ತು. ನಾನೇನೂ ಕೇಳಲಿಲ್ಲ, ಅವನೇನೂ ಹೇಳಲಿಲ್ಲ.

ಈಗ ಯೋಚನೆ ಮಾಡಿ. ಬೊಂಬಾಯಿಯ ಬುದ್ಧಿವಂತ ವಿಮರ್ಶಕರಿಗೆ ಅದು ಅಗ್ಗದ ಕಥೆ. ಆದರೆ ಆ ಟೆಂಟಿನಲ್ಲಿ ಕೂತಿದ್ದ ಎಷ್ಟು ಮನೆಗಳಲ್ಲಿ ಒಬ್ಬ ಅಕ್ಕ, ಒಬ್ಬ ಅತ್ತಿಗೆ, ಒಬ್ಬ ಚಿಗವ್ವ ಹಾಗೆ ಹೋಗಿರಲಿಲ್ಲ? ರಾಮ್ಸೆಗಳು ಇದನ್ನು ಲೆಕ್ಕ ಹಾಕಿಯೇ ಬರೆದರೋ, ಕೈಗೆ ಸಿಕ್ಕಿದ್ದನ್ನು ಬರೆದರೋ, ಬೆರಳು ಮಾತ್ರ ಹೋಗಿ ನಿಂತದ್ದು ಸರಿಯಾದ ಗಾಯದ ಮೇಲೆಯೇ. ಅಷ್ಟೇ ಅಲ್ಲ, ಆ ಸಾವಿಗೆ ಒಂದು ಮುಖ ಕೊಟ್ಟರು. ಮುಖ ಇದ್ದರೆ ಹೊಡೀಬಹುದು. ಕೊನೆಯ ರೀಲಿನಲ್ಲಿ ತ್ರಿಶೂಲ ಮೇಲೆದ್ದಾಗ, ಬೆಂಕಿ ಹತ್ತಿದಾಗ, ಇಡೀ ಟೆಂಟು "ಹಾಕ್! ಹಾಕ್!" ಅಂತ ಕೂಗಿತಲ್ಲ... ಎಲ್ಲರಿಗಿಂತ ಜೋರಾಗಿ ಕೂಗಿದವನು ನಮ್ಮ ಕಾಕಾ.

ನಿಜವಾದ ಸಾಮ್ರಿಯನ್ನು ಹೊಡೆಯೋಕೆ ಬೇರೆ ತ್ರಿಶೂಲ ಬೇಕಾಯಿತು. ಊರೂರಿಗೆ ಆಶಾ ಕಾರ್ಯಕರ್ತೆಯರು ಬಂದರು. 2008ರಲ್ಲಿ ನಮ್ಮ ರಾಜ್ಯಕ್ಕೆ 108ರ ಗಾಡಿ ಬಂತು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಅನ್ನೋ ಮಾತು ಮನೆಮನೆಗೆ ಮುಟ್ಟಿತು. 2018–20ರ ಸರ್ಕಾರಿ ಲೆಕ್ಕದಲ್ಲಿ ಜೀವಂತ ಹುಟ್ಟಿದ ಲಕ್ಷ ಮಕ್ಕಳಿಗೆ ಪ್ರಾಣ ಬಿಟ್ಟ ತಾಯಂದಿರು ದೇಶದಲ್ಲಿ 97, ಕರ್ನಾಟಕದಲ್ಲಿ 69. ಕಮ್ಮಿಯಾಗಿದೆ, ಸೊನ್ನೆಯಾಗಿಲ್ಲ. 2024ರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ಬೆಚ್ಚಿಬಿತ್ತು. ಪೆಟ್ಟಿಗೆಯ ಮುಚ್ಚಳ ಪೂರ್ತಿ ಮುಚ್ಚಿಲ್ಲ!

ಖಳನಾಯಕ ಅಂದುಕೊಂಡಿದ್ದ ಠಾಕೂರ

ಇನ್ನೊಂದು ಬದಲಾವಣೆ. ಅಂದು ನಾವೆಲ್ಲ ನಾಯಕನ ಪಕ್ಷ. ಪ್ರೇಮಕ್ಕೆ ಅಡ್ಡ ಬರೋ ಠಾಕೂರ ಕಂಡ್ರೆ ಕೋಪ. ಬಂದಾಗಲೆಲ್ಲ "ಹೋಗಲೋ ಮುದುಕಾ!" ಅಂತ ಕೂಗಾಟ.

ಈಗ ನನಗೂ ಮಗಳಿದ್ದಾಳೆ. ಮುಂದಿನ ವರ್ಷ ಮದುವೆ ಮಾತು. ಈ ಸಲ ನೋಡುವಾಗ ಕಣ್ಣು ಮೋಹ್ನೀಶನ ಮೇಲೆ ನಿಲ್ಲಲೇ ಇಲ್ಲ, ಪ್ರದೀಪ್ ಕುಮಾರರ ಮೇಲೆಯೇ ನಿಂತಿತು. 'ಅನಾರ್ಕಲಿ' (1953), 'ನಾಗಿನ್' (1954), 'ತಾಜ್‌ಮಹಲ್' (1963)... ಒಂದು ಕಾಲದಲ್ಲಿ ರಾಜಕುಮಾರನ ವೇಷ ಅಂದ್ರೆ ಇವರದೇ. ವಯಸ್ಸಾದ ಮೇಲೆ ರಾಮ್ಸೆಗಳ ಹವೇಲಿಗೆ ಬಂದರು. ಆದರೆ ಪಾತ್ರವನ್ನು ಅಗ್ಗ ಮಾಡಲಿಲ್ಲ. ಆ ಠಾಕೂರನಿಗೆ ಅಂತಸ್ತಿನ ಸೊಕ್ಕಿಗಿಂತ ಹೆಚ್ಚಾಗಿ ಇರೋದು ಭಯ. ಹೆಂಡತಿಯನ್ನು ಹೆರಿಗೆಯಲ್ಲಿ ಕಳೆದುಕೊಂಡವನು. ಮಗಳಿಗೆ ಮದುವೆ ಮಾಡೋದು ಅಂದ್ರೆ ಮಗಳನ್ನು ಸಾವಿಗೆ ಕಳಿಸೋದು ಅಂತ ನಂಬಿದವನು. ಅದನ್ನು ಬಾಯಿಬಿಟ್ಟು ಹೇಳಲಾರದೆ ಗದರಿಸ್ತಾನೆ. ನಮ್ಮಲ್ಲಿ ಎಷ್ಟು ಅಪ್ಪಂದಿರು ಹಾಗಿಲ್ಲ? ಹೇಳಲಾರದ ಹೆದರಿಕೆಯೆಲ್ಲ ಬೈಗುಳವಾಗಿಯೇ ಹೊರಗೆ ಬರೋದು.

ನೀವೀಗ ಇಪ್ಪತ್ತರ ಹುಡುಗರು. ಚಿತ್ರ ನೋಡಿದರೆ ಠಾಕೂರನನ್ನು ಬೈಯ್ಯಿರಿ, ಪರವಾಗಿಲ್ಲ. ಇಪ್ಪತ್ತೈದು ವರ್ಷ ಬಿಟ್ಟು ಮತ್ತೊಂದು ಸಲ ನೋಡಿ, ಆಮೇಲೆ ಹೇಳಿ!

ರಾಮ್ಸೆಗಳ ಕೊನೆಯ ರೀಲು

'ಪುರಾನಾ ಮಂದಿರ್' ಆದ ಮೇಲೆ 'ತಹಖಾನಾ' (1986), 'ವೀರಾನಾ' (1988), 'ಪುರಾನೀ ಹವೇಲಿ' (1989) ಬಂದವು. ಅಷ್ಟೊತ್ತಿಗೆ ವೀಡಿಯೋ ಕ್ಯಾಸೆಟ್ಟು ಬಂದಿತ್ತು. ನೋಡಿದವರು ಕೋಟ್ಯಂತರ, ಟಿಕೇಟು ಕೊಂಡವರು ಕಮ್ಮಿ. 1993ರಲ್ಲಿ ಟೀವಿಗೇ ಹೋಗಿ 'ಜೀ ಹಾರರ್ ಶೋ' ಶುರು ಮಾಡಿದರು. ಟೆಂಟಿಗೆ ಬರಲಾರದವರ ಮನೆಯೊಳಗೇ ದೆವ್ವ ಬಂದು ಕೂತಿತು! ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ ರಾಮ್ಸೆ 2019ರಲ್ಲಿ, ಕಥೆ ಬರೀತಿದ್ದ ಕುಮಾರ್ ರಾಮ್ಸೆ 2021ರಲ್ಲಿ ತೀರಿಕೊಂಡರು. ನಗಿಸಿದ ಜಗದೀಪ್ 2020ರಲ್ಲಿ ಹೋದರು. ಈ ಚಿತ್ರದಲ್ಲಿದ್ದ ಸದಾಶಿವ ಅಮರಾಪೂರ್‌ಕರ್ 2014ರಲ್ಲಿ, ಸತೀಶ್ ಶಾ 2025ರಲ್ಲಿ ಹೋದರು.

ಈಗಿನ ದೆವ್ವದ ಚಿತ್ರಗಳ ಖರ್ಚೇ ಬೇರೆ, ಕಂಪ್ಯೂಟರಿನ ಕರಾಮತ್ತೇ ಬೇರೆ. 2018ರ 'ತುಂಬಾಡ್' ಅಂಥ ಚಿತ್ರ ನೋಡಿ ದೊಡ್ಡವರೂ ಭೇಷ್ ಅಂದರು. ಅನ್ನಬೇಕಾದದ್ದೇ. ಆದರೆ ಹಿಂದಿಯಲ್ಲಿ ದೆವ್ವವನ್ನು ನಿಜವಾದ ದೆವ್ವವಾಗಿ ನಂಬಿ, ಸಣ್ಣ ಊರಿನ ಹುಡುಗನನ್ನು ನಿಜವಾದ ಪ್ರೇಕ್ಷಕನಾಗಿ ನಂಬಿ, ಅಣ್ಣತಮ್ಮಂದಿರು ಒಂದೇ ಬಸ್ಸಿನಲ್ಲಿ ಹೋಗಿ ದಾರಿ ಕಡಿದದ್ದು ಮೊದಲು. ಆ ದಾರಿಯಲ್ಲೇ ಇವರೆಲ್ಲ ನಡೀತಾ ಇರೋದು.

ಒಂದು ಕೊನೆಯ ಸಲಹೆ. ಈ ಚಿತ್ರವನ್ನು ಮೊಬೈಲಿನಲ್ಲಿ, ಬಸ್ಸಿನಲ್ಲಿ, ಅರ್ಧರ್ಧ ನೋಡಬೇಡಿ. ಹತ್ತು ಜನ ಗೆಳೆಯರು ಸೇರಿ, ದೀಪ ಆರಿಸಿ, ಚುರಮುರಿ ಕಟ್ಟಿಸಿಕೊಂಡು ನೋಡಿ. ಸಾಮ್ರಿ ಬಂದಾಗ ನಗಬೇಕು ಅನ್ನಿಸಿದರೆ ಧಾರಾಳವಾಗಿ ನಗಿ. ಆದರೆ ಶಾಪದ ಮಾತು ಬಂದಾಗ ಸ್ವಲ್ಪ ಸುಮ್ಮನಿರಿ... ಪಕ್ಕದಲ್ಲಿ ಕೂತವನ ಮನೆಯಲ್ಲಿ ಏನು ನಡೆದಿದೆಯೋ ಯಾರಿಗೆ ಗೊತ್ತು!